ಶೇಷಮ್ಮ ಮತ್ತು ಹನ್ನೊಂದು ಒಂದುಗಳು

ಅವಳ ನಿಜವಾದ ಹೆಸರು ಶೇಷಮ್ಮ ಅಲ್ಲ. ಬಸ್ ಟಿಕೆಟ್ ಅಚ್ಚು ಹಾಕುವ ಪ್ರೆಸ್ಸಿಗೆ ಸೇರಿದ ಹೊಸತರಲ್ಲಿ ಊಟದ ಬಿಡುವಿಗೆಲ್ಲ ಹರಿದ ಕಾಗದದ ಮೇಲೆ ಭಾಗಾಕಾರ ಮಾಡುತ್ತ, ಯಾರು ಏನು ಮಾತಾಡಿಸಿದರೂ ‘ಶೇಷ ಉಳೀತು, ಶೇಷ ಉಳೀತು’ ಎಂದು ಗೊಣಗುತ್ತಿದ್ದವಳಿಗೆ ಕಟಿಂಗ್ ಮಿಷನ್ನಿನವನು ಅಂಟಿಸಿದ ಹೆಸರು ಅದು. ಅಂಟಿದ್ದು ಬಿಡಲಿಲ್ಲ. ಮದುವೆಯಾದ ಮೇಲೆ ಗಂಡನ ಕಡೆಯವರೂ ಅದನ್ನೇ ಹಿಡಿದುಕೊಂಡರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಒಂದು ಕಡೆ ಕೂರಲು ಬಾರದ ಹೆಂಗಸು. ಕೂತರೂ ಮೊಣಕಾಲು ಕುಣಿಯುತ್ತಿತ್ತು, ಮೇಜಿನ ಮೇಲಿನ ಟೀ ಲೋಟ ಗಲಗಲ ಅನ್ನುತ್ತಿತ್ತು. ಬೀದಿಯಲ್ಲಿ ನಡೆಯುವಾಗ ಕಣ್ಣು ಮನೆಗಳ ಮೇಲಲ್ಲ, ಮನೆಗಳ ನಂಬರಿನ ಮೇಲೆ. ಸಂಖ್ಯೆ ಕಂಡರೆ ಅದನ್ನು ಒಡೆದೇ ಮುಂದಿನ ಹೆಜ್ಜೆ. ಎದುರು ಮನೆಯ ಮುನ್ನೂರ ತೊಂಬತ್ತೊಂದು ಅವಳಿಗೆ ಎಂದೂ ಮುನ್ನೂರ ತೊಂಬತ್ತೊಂದಾಗಿ ಕಾಣಲಿಲ್ಲ, ಹದಿನೇಳು ಇಪ್ಪತ್ತಮೂರಾಗಿಯೇ ಕಂಡಿತು. ಒಡೆಯದ ಸಂಖ್ಯೆ ಸಿಕ್ಕಿತೋ, ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ ದಿನವಿಡೀ ಕಿರಿಕಿರಿ.

ಗಂಡ ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತರೆ ಕಟ್ಟಡ ಕುಸಿದರೂ ಏಳುವ ಮನುಷ್ಯನಲ್ಲ. ಇವರಿಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದರೆ ಇಬ್ಬರು ಸರಿಯಾದ ಮನುಷ್ಯರು ಸಿಗುತ್ತಿದ್ದರು ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಅತ್ತೆಗೆ ಬೀದಿಯ ಕೊನೆಯಲ್ಲಿ ಒಂದು ಪುಟ್ಟ ತರಕಾರಿ ಅಂಗಡಿ. ಮಾತು ಖಾರ, ತೂಕ ಸರಿ, ಸೊಸೆಯ ಮೇಲೆ ಪ್ರೀತಿ ಇತ್ತು ಅನ್ನುವುದು ಸೊಸೆಗೇ ಗೊತ್ತಾಗದ ಹಾಗೆ ನೋಡಿಕೊಂಡಿದ್ದರು.

ಪ್ರೆಸ್ಸಿನಲ್ಲಿ ಶೇಷಮ್ಮನ ಕೆಲಸ ನಂಬರಿಂಗ್ ಮಿಷನ್ನಿನ ಮುಂದೆ. ಏಳು ಪುಟ್ಟ ಚಕ್ರಗಳು, ಒಂದೊಂದರ ಮೈಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಉಬ್ಬಿದ ಅಂಕಿಗಳು. ಒಂದು ಒತ್ತಿಗೆ ಒಂದು ಟಿಕೆಟ್ಟು, ಒಂದು ಟಿಕೆಟ್ಟಿಗೆ ಒಂದು ನಂಬರು. ಮಸಿ ಗಟ್ಟಿಯಾಗಿ ಯಾವುದಾದರೂ ಚಕ್ರ ಕಚ್ಚಿಕೊಂಡರೆ ಒಂದೇ ನಂಬರು ಎರಡೆರಡು ಟಿಕೆಟ್ಟಿಗೆ ಬಿದ್ದುಬಿಡುತ್ತದೆ. ಹಾಗಾಗದಂತೆ ಕಣ್ಣಿಟ್ಟು ಕೂರಬೇಕು. ಬೇರೆ ಯಾರನ್ನು ಕೂರಿಸಿದರೂ ಅರ್ಧ ಗಂಟೆಗೆ ತೂಕಡಿಸುತ್ತಿದ್ದರು. ಇವಳು ತೂಕಡಿಸುವ ಜಾತಿಯಲ್ಲ. ಓಡುವ ಅಂಕಿಗಳ ಮುಂದೆ ಮಾತ್ರ ಅವಳ ಮೊಣಕಾಲು ಸ್ವಲ್ಪ ಸುಮ್ಮನಿರುತ್ತಿತ್ತು.

ಒಂದು ಬೆಳಗ್ಗೆ ಏಳೂ ಚಕ್ರಗಳು ಒಂದರ ಮೇಲೆ ಬಂದು ನಿಂತವು. 1111111. ಮುಂದಿನ ಒತ್ತಿಗೆ ಕೊನೆಯ ಒಂದು ಎರಡಾಗಿ ಸಾಲು ಕೆಟ್ಟಿತು, ಆದರೆ ಆ ಏಳು ಕಡ್ಡಿಗಳು ಅವಳ ತಲೆಯೊಳಗೆ ನಿಂತೇಬಿಟ್ಟವು. ಎರಡರಿಂದ ಹೋಗದು, ಮೂರರಿಂದ ಹೋಗದು, ಐದು, ಏಳು, ಹನ್ನೊಂದು, ಯಾವುದಕ್ಕೂ ಜಗ್ಗದು. ವಾರ ಕಳೆಯುವುದರೊಳಗೆ ಇನ್ನೂರ ಮೂವತ್ತೊಂಬತ್ತಕ್ಕೆ ಬಂದಾಗ ಕೆಳಗೆ ಸೊನ್ನೆ ಬಿತ್ತು. ಮೇಲೆ ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು. ಆ ಖುಷಿಗೆ ಅವಳು ಕಟಿಂಗ್ ಮಿಷನ್ನಿನವನಿಗೆ ಟೀ ಕುಡಿಸಿದಳಂತೆ.

ಅಲ್ಲಿಗೆ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅವಳು ಒಂದುಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಳು. ಎಂಟು ಒಂದುಗಳು ತಂಟೆ ಮಾಡಲಿಲ್ಲ, ನಾಲ್ಕು ನಾಲ್ಕಾಗಿ ಬಿಟ್ಟುಕೊಂಡವು. ಒಂಬತ್ತು ಮೂರು ಮೂರಾಗಿ, ಹತ್ತು ಐದೈದಾಗಿ ಸೋತವು. ಹನ್ನೊಂದನ್ನು ಹಾಗೆ ಸಮನಾದ ಗುಂಪು ಮಾಡಲು ಬರುವುದಿಲ್ಲ. ಸಾವಿರದ ನೂರ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರ ಹನ್ನೊಂದು. ಬಾಯಲ್ಲಿ ಹೇಳಲು ಎಷ್ಟು ಚೆಂದವೋ ಒಡೆಯಲು ಅಷ್ಟು ಮೊಂಡು. ನೂರು ದಾಟಿದಳು, ಸಾವಿರ ದಾಟಿದಳು. ಪ್ರತಿ ಸಲವೂ ಶೇಷ.

ಆಗ ಪ್ರೆಸ್ಸಿಗೆ ಪರೀಕ್ಷೆಯ ಪ್ರವೇಶ ಚೀಟಿ ಅಚ್ಚು ಹಾಕಿಸಲು ಒಬ್ಬ ಗಣಿತದ ಮೇಷ್ಟ್ರು ಬರುತ್ತಿದ್ದರು. ಅವಳ ಮುಂದಿನ ಕಾಗದ ನೋಡಿ ಕುರ್ಚಿ ಎಳೆದುಕೊಂಡು ಕೂತರು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು.

“ಒಡೆಯುತ್ತೋ ಇಲ್ವೋ ಅಂತ ಮಾತ್ರ ಹೇಳ್ಬೇಡಿ ಸರ್. ಬೇರೆ ಏನಾದ್ರೂ ಹೇಳಿ.”

ಮೇಷ್ಟ್ರು ನಕ್ಕು, ಬೇರೆ ಎರಡು ಸಂಗತಿ ಹೇಳಿಕೊಟ್ಟರು. ಒಂದು, ಸಿಕ್ಕ ಸಿಕ್ಕ ಸಂಖ್ಯೆಯಿಂದೆಲ್ಲ ಭಾಗಿಸಬೇಕಿಲ್ಲ. ಹನ್ನೊಂದು ಒಂದುಗಳನ್ನು ಒಡೆಯುವ ಅವಿಭಾಜ್ಯ ಸಂಖ್ಯೆ ಏನಾದರೂ ಇದ್ದರೆ, ಅದು ಇಪ್ಪತ್ತೆರಡರ ಮಗ್ಗಿಯಲ್ಲಿ ಬರುವ ಯಾವುದೋ ಸಂಖ್ಯೆಗೆ ಒಂದು ಸೇರಿಸಿದ್ದೇ ಆಗಿರಬೇಕು. ಎರಡನೆಯದು, ಒಂದು ಲಕ್ಷದ ಐದು ಸಾವಿರದ ನಾಲ್ಕುನೂರು ಚಿಲ್ಲರೆ ದಾಟಿದ ಮೇಲೆ ಹುಡುಕುವುದು ವ್ಯರ್ಥ. ಎರಡು ಸಂಖ್ಯೆ ಗುಣಿಸಿ ಅದಾಗುವುದಾದರೆ, ಎರಡರಲ್ಲಿ ಚಿಕ್ಕದು ಅಷ್ಟರೊಳಗೇ ಸಿಗಬೇಕು. ಕಾರಣವನ್ನೂ ವಿವರಿಸಿದರು. ಅವಳಿಗೆ ಅರ್ಧ ಅರ್ಥವಾಯಿತು. ಮಿಕ್ಕರ್ಧಕ್ಕೆ ತನ್ನ ಏಳು ಒಂದುಗಳನ್ನೇ ಸಾಕ್ಷಿ ಕೇಳಿದಳು. ಇನ್ನೂರ ಮೂವತ್ತೊಂಬತ್ತರಲ್ಲಿ ಒಂದು ಕಳೆದರೆ ಇನ್ನೂರ ಮೂವತ್ತೆಂಟು, ಏಳಕ್ಕೆ ಸಲ್ಲುವ ಹದಿನಾಲ್ಕರ ಮಗ್ಗಿಯಲ್ಲಿ ಅದು ಬಂತು. ಇನ್ನು ಅನುಮಾನವಿಲ್ಲ.

ಅಲೆದಾಟಕ್ಕೆ ದಾರಿಯೂ ಬೇಲಿಯೂ ಸಿಕ್ಕಂತಾಯಿತು. ಆದರೂ ಬೇಲಿಯೊಳಗಿನ ಹೊಲ ಸಣ್ಣದಲ್ಲ. ಪ್ರೆಸ್ಸಿನಲ್ಲಿ ಬಿಸಾಡುವ ಕಾಗದದ ಪಟ್ಟಿಗಳ ಹಿಂಬದಿ ಖಾಲಿ ಇರುತ್ತಿತ್ತು. ಅದರ ಮೇಲೆ ಬಿಡುವು ಸಿಕ್ಕಾಗಲೆಲ್ಲ ಒಂದೊಂದೇ ಭಾಗಾಕಾರ. ಶೇಷ ಉಳಿದ ಪಟ್ಟಿಯನ್ನು ಅತ್ತೆಯ ಅಂಗಡಿಗೆ ಕೊಟ್ಟುಬಿಡುತ್ತಿದ್ದಳು. ಅವಳ ಲೆಕ್ಕವೆಲ್ಲ ಶುಂಠಿ, ಮೆಣಸಿನಕಾಯಿ ಸುತ್ತಿಕೊಂಡು ಬೀದಿಯ ಮನೆಮನೆಗೆ ಹಂಚಿಹೋಗುತ್ತಿತ್ತು. ಒಡೆಯದ ಸಂಖ್ಯೆಯಿಂದ ಆಗಬೇಕಾದ್ದು ಏನಿದೆ ಎಂಬುದು ಅವಳ ವಾದ.

ನಲವತ್ತು ಸಾವಿರಕ್ಕೆ ಬಂದಿದ್ದಾಗ ಪ್ರೆಸ್ಸಿನ ಮೆಟ್ಟಿಲ ಮೇಲೆ ಕಾಲು ಜಾರಿತು. ಕಾಗದದ ಕಟ್ಟು ಒಂದು ಕಡೆ, ಅವಳು ಒಂದು ಕಡೆ. ಬಲ ಮಣಿಕಟ್ಟು ಮುರಿದು ಪ್ಲಾಸ್ಟರ್ ಬಿತ್ತು.

ಆ ದಿನಗಳನ್ನು ದರ್ಜಿ ಈಗಲೂ ನೆನೆಸಿಕೊಂಡು ತಲೆ ಕೊಡವುತ್ತಾನೆ. ಬರೆಯಲು ಕೈಯಿಲ್ಲ, ಕೂರಲು ಮನಸ್ಸಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ, ಬಾಲ ಸುಟ್ಟ ಬೆಕ್ಕಿನ ಹಾಗೆ. ಎಡಗೈಯಲ್ಲಿ ಬರೆಯಲು ಹೋಗಿ ಒಂದು ಏಳಾಯಿತು, ಏಳು ಒಂದಾಯಿತು. ಗಂಡ ಒಮ್ಮೆ ತನ್ನ ಪಾಡಿಗೆ ಗುಂಡಿ ಹೊಲಿಯುತ್ತಲೇ, ಫೋನಿನಲ್ಲಿ ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದಂತೆ ಎಂದ. ನಿಮ್ಮ ಊಟವನ್ನೂ ಫೋನೇ ಉಣ್ಣಲಿ ಎಂದು ಅವಳು ರೇಗಿದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಕೊನೆಗೆ ಬೇಸತ್ತವರು ಅತ್ತೆ. ಅಂಗಡಿ ಮುಚ್ಚಿ ಮನೆಗೆ ಬಂದವರು ಸೊಸೆಯ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು, ನೆಲದ ಮೇಲೆ ಕೂತು, ಕಾಗದದ ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡರು.

“ಹೇಳು. ಯಾವುದನ್ನ ಯಾವುದ್ರಿಂದ ಭಾಗಿಸ್ಬೇಕು?”

ಅತ್ತೆಗೆ ಭಾಗಾಕಾರ ಬರುತ್ತದೆ ಅನ್ನುವುದೇ ಶೇಷಮ್ಮನಿಗೆ ಗೊತ್ತಿರಲಿಲ್ಲ. ಮೊದಮೊದಲು ಅವಳು ಹೇಳುವುದು, ಅವರು ಬರೆಯುವುದು. ಆಮೇಲೆ ಹೇಳುವುದೂ ಬೇಕಾಗಲಿಲ್ಲ. ಬೀನ್ಸ್ ರಾಶಿಯ ಪಕ್ಕದಲ್ಲಿ ಪಟ್ಟಿಯಿಟ್ಟುಕೊಂಡು ಗಿರಾಕಿಗಳ ನಡುವೆಯೂ ಅತ್ತೆ ಎರಡು ಮೂರು ಮುಗಿಸುತ್ತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ‘ಎಲ್ಲದರಲ್ಲೂ ಉಳೀತು ಕಣೇ’ ಎಂದು ವರದಿ. ಮದುವೆಯಾಗಿ ಎಷ್ಟೋ ವರ್ಷದಿಂದ ಉಪ್ಪು ಹುಳಿಯ ಲೆಕ್ಕಕ್ಕಷ್ಟೇ ಮಾತಾಡಿಕೊಳ್ಳುತ್ತಿದ್ದ ಇಬ್ಬರು ಈಗ ಸಂಖ್ಯೆಗಳ ಬಗ್ಗೆ ನೆರೆಮನೆಯವರ ಬಗ್ಗೆ ಮಾತಾಡುವಂತೆ ಮಾತಾಡತೊಡಗಿದರು. ಇದು ಆಸೆ ತೋರಿಸಿ ಕೊನೆಗೆ ಮೂರು ಉಳಿಸಿತು, ಅದು ಮೊದಲಿಂದಲೂ ಮುಖ ಊದಿಸಿಕೊಂಡಿತ್ತು, ಹೀಗೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಅತ್ತೆ ಪೆನ್ಸಿಲ್ ಹಿಂದಕ್ಕೆ ಕೊಡಲಿಲ್ಲ. ಅರ್ಧ ಇವರು, ಅರ್ಧ ಅವಳು. ಎರಡು ಮಳೆಗಾಲ ಕಳೆದು ಒಂದು ಲಕ್ಷ ದಾಟಿ, ಮೇಷ್ಟ್ರು ಹಾಕಿಕೊಟ್ಟ ಬೇಲಿಗೆ ಬಂದು ನಿಂತರು.

ಹನ್ನೊಂದು ಒಂದುಗಳು ಒಡೆಯುವುದಿಲ್ಲ. ಅದು ಅವಿಭಾಜ್ಯ. ಶೇಷಮ್ಮ ಇದನ್ನು ಪ್ರೆಸ್ಸಿನಲ್ಲಿ ಎಲ್ಲರಿಗೂ ಸಾರಿದಳು. ಬೀಗಿದಳು ಅಂದರೂ ತಪ್ಪಿಲ್ಲ. ಕಟಿಂಗ್ ಮಿಷನ್ನಿನವನು ಈ ಸಲ ತಾನೇ ಟೀ ತರಿಸಿದ. ಆ ವಾರವೆಲ್ಲ ಅವಳು ಕೂತಲ್ಲಿ ಕೂತಿದ್ದಳು ಎಂದು ಗಂಡ ಆಶ್ಚರ್ಯಪಟ್ಟ.

ಮುಂದಿನ ಪರೀಕ್ಷೆಯ ಹೊತ್ತಿಗೆ ಮೇಷ್ಟ್ರು ಬಂದರು. ಅವರು ಒಳಗೆ ಕಾಲಿಡುತ್ತಿದ್ದಂತೆ ಅವಳು ಎದ್ದು ಹೋಗಿ ಹೇಳಿದಳು. ಮೇಷ್ಟ್ರು ಕೈಯಲ್ಲಿದ್ದ ಕರಡಚ್ಚನ್ನು ನೋಡುತ್ತ ನಿಂತರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಒಂದೂ ಬಿಡದೆ ನೋಡಿದ್ರಾ?”

“ಒಂದೂ ಬಿಟ್ಟಿಲ್ಲ ಸರ್. ಯಾಕೆ?”

ಅವರು ಕರಡಚ್ಚನ್ನು ಮಡಚಿದರು.

“ಹೇಳಿ ಸರ್.”

“ನೀವೇ ಹೇಳ್ಬೇಡಿ ಅಂದಿದ್ರಲ್ಲಮ್ಮ,” ಎಂದರು ಮೇಷ್ಟ್ರು ಮೆಲ್ಲಗೆ.

ಅಷ್ಟೇ ಸಾಕಾಯಿತು. ಒಡೆಯುತ್ತದೆ. ಎಲ್ಲೋ ಒಂದು ಕಡೆ, ಒಂದು ಕಳೆಯುವ ಲೆಕ್ಕದಲ್ಲಿ, ಒಂದು ಹಿಡಿದುಕೊಂಡ ಅಂಕಿಯಲ್ಲಿ ತಪ್ಪಾಗಿ, ಸೊನ್ನೆ ಬೀಳಬೇಕಾದ ಕಡೆ ಶೇಷ ಬಿದ್ದಿದೆ. ಆ ಕಾಗದ ಯಾರ ಮನೆಯ ಮೆಣಸಿನಕಾಯಿ ಸುತ್ತಿಕೊಂಡು ಯಾವ ಕಸದ ಬುಟ್ಟಿಗೆ ಸೇರಿತೋ. ಮೇಷ್ಟ್ರು ಎಲ್ಲಿ ಎಂದು ಹೇಳಲೇ ಎಂದು ಕೇಳಿದರು. ಅವಳು ಬೇಡವೆಂದು ತಲೆಯಾಡಿಸಿ ಮಿಷನ್ನಿನ ಮುಂದೆ ಹೋಗಿ ಕೂತಳು. ಮೊಣಕಾಲು ಹಿಂದೆಂದಿಗಿಂತ ಜೋರಾಗಿ ಕುಣಿಯುತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲೇ ಅವಳು ತೀರ್ಮಾನಿಸಿಬಿಟ್ಟಿದ್ದಳು. ತಪ್ಪು ತನ್ನದಲ್ಲ. ಏಳು ಚಕ್ರಗಳ ಮೇಲೆ ಕಣ್ಣಿಟ್ಟು ಬದುಕಿದವಳು ತಾನು, ಒಂದು ದಿನವೂ ಎರಡು ಟಿಕೆಟ್ಟಿಗೆ ಒಂದು ನಂಬರು ಬೀಳಲು ಬಿಟ್ಟವಳಲ್ಲ. ಬೀನ್ಸ್ ತೂಗುತ್ತ, ಚಿಲ್ಲರೆ ಕೊಡುತ್ತ ಭಾಗಾಕಾರ ಮಾಡಿದವರು ಯಾರು? ಬಾಯಿಬಿಟ್ಟು ಏನೂ ಅನ್ನಲಿಲ್ಲ. ಒಡೆಯುತ್ತದಂತೆ, ಮತ್ತೆ ನೋಡಬೇಕು ಎಂದಷ್ಟೇ ಹೇಳಿ ಹೊಸ ಪಟ್ಟಿಗಳನ್ನು ಮುಂದಿಟ್ಟುಕೊಂಡಳು. ಶುರು ಮಾಡಿದ್ದು ನಲವತ್ತು ಸಾವಿರದಿಂದ.

ಅತ್ತೆ ಮೂರ್ನಾಲ್ಕು ದಿನ ಅದನ್ನು ಗಮನಿಸಲಿಲ್ಲ. ಗಮನಿಸಿದ ದಿನ ಪಟ್ಟಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು.

“ನನ್ನ ಪಾಲಿಂದಾನೇ ಶುರು ಮಾಡಿದ್ಯಾ?”

ಎಲ್ಲಿಂದಾದರೂ ಶುರು ಮಾಡಲೇಬೇಕಲ್ಲ ಎಂದು ಶೇಷಮ್ಮ ತಲೆಯೆತ್ತದೆ ಉತ್ತರಿಸಿದಳು. ಅತ್ತೆ ಪಟ್ಟಿಯನ್ನು ಅದಿದ್ದ ಜಾಗದಲ್ಲೇ ಇಟ್ಟರು. ಮರುದಿನ ಎರಡು ಸೀರೆ, ಔಷಧಿಯ ಡಬ್ಬಿ ಚೀಲಕ್ಕೆ ಹಾಕಿಕೊಂಡು ಮಗಳ ಮನೆಗೆ ಹೊರಟುಹೋದರು. ಮೊಮ್ಮಗಳನ್ನು ನೋಡಿ ಬಹಳ ದಿನವಾಯಿತು ಎಂಬುದು ಮಗನಿಗೆ ಹೇಳಿದ ನೆಪ. ಅಂಗಡಿ ಮಾತ್ರ ಬಿಡಲಿಲ್ಲ. ದಿನಾ ಬೆಳಗ್ಗೆ ಅಲ್ಲಿಂದ ಬಸ್ಸಿನಲ್ಲಿ ಬಂದು ಬಾಗಿಲು ತೆಗೆಯುತ್ತಿದ್ದರು, ಮಧ್ಯಾಹ್ನ ಮುಚ್ಚಿ ಬಸ್ಸು ಹತ್ತುತ್ತಿದ್ದರು. ಶೇಷಮ್ಮ ಪ್ರೆಸ್ಸಿಗೆ ಹೋಗುವ ದಾರಿಯೂ ಅದೇ. ಅವಳು ಹತ್ತಿರ ಬರುತ್ತಿದ್ದಂತೆ ಅತ್ತೆಗೆ ಆಲೂಗಡ್ಡೆ ಆರಿಸುವ ಕೆಲಸ ಎಲ್ಲಿಲ್ಲದಷ್ಟು ಮುಖ್ಯವಾಗಿಬಿಡುತ್ತಿತ್ತು. ಇವಳಿಗೂ ಎದುರಿನ ಗೋಡೆ ನೋಡುವಂಥದ್ದಾಗಿಬಿಡುತ್ತಿತ್ತು.

ಗಂಡ ತಾಯಿಯ ಹತ್ತಿರ ಹೋಗಿ ಬರುತ್ತಿದ್ದ, ಹೆಂಡತಿಗೆ ಏನೂ ಹೇಳುತ್ತಿರಲಿಲ್ಲ. ಒಂದೇ ಒಂದು ಸಲ, ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದು ಹೇಳಿದ.

“ನೀನು ಲೆಕ್ಕದಲ್ಲಿ ತಪ್ಪು ಹುಡುಕ್ತಾ ಇಲ್ಲ. ಅಮ್ಮನಲ್ಲಿ ಹುಡುಕ್ತಾ ಇದೀಯ.”

ಆ ಮಾತು ಅವಳಿಗೆ ನಾಟಿತು, ನಾಟಿದ್ದಕ್ಕೇ ಇನ್ನಷ್ಟು ಹಟ ಬಂತು. ಐವತ್ತು ಸಾವಿರ, ಅರವತ್ತು, ಎಂಬತ್ತು. ಊಟ ಅರ್ಧಕ್ಕೆ ಬಿಟ್ಟು ಎದ್ದು ಒಂದು ಭಾಗಾಕಾರ, ಬಸ್ ನಿಲ್ದಾಣದಲ್ಲಿ ನಿಂತು ಒಂದು. ಅತ್ತೆ ಮಾಡಿದ್ದನ್ನೂ, ಆಮೇಲೆ ಅವರ ಜೊತೆ ತಾನು ಮಾಡಿದ್ದನ್ನೂ ಒಂದೂ ಬಿಡದೆ ಮತ್ತೆ ಮಾಡಿದಳು. ಸೊನ್ನೆ ಬೀಳಲಿ, ಬೀಳಲಿ ಎಂದು ಹಲ್ಲು ಕಚ್ಚಿಕೊಂಡು ಮಾಡಿದಳು. ಬೀಳಲಿಲ್ಲ. ಬೇಲಿಯವರೆಗೂ ಹೋದಳು. ಅತ್ತೆಯ ಪಾಲಿನಲ್ಲಿ ಹನ್ನೊಂದು ಒಂದುಗಳನ್ನು ಒಡೆಯುವ ಸಂಖ್ಯೆ ಒಂದೂ ಇರಲಿಲ್ಲ.

ಅಂದು ಅವಳು ಪ್ರೆಸ್ಸಿನ ಹಿಂದಿನ ಅಂಗಳದಲ್ಲಿ ಸುಮಾರು ಹೊತ್ತು ಅತ್ತಿಂದಿತ್ತ ನಡೆದಳು. ಉಳಿದದ್ದು ನಲವತ್ತು ಸಾವಿರದ ಕೆಳಗಿನದು. ಅದೆಲ್ಲ ಅವಳೊಬ್ಬಳದೇ. ಅಲ್ಲಿಗೆ ಹಿಂದಿರುಗಿ ಹೋಗುವುದು, ಬೀಗ ಹಾಕಿ ಬಂದ ಮನೆಗೆ ಕಳ್ಳ ಹೊಕ್ಕಿದ್ದಾನೆಂದು ತಿಳಿದೂ ಬಾಗಿಲು ತೆರೆಯುವ ಹಾಗಿತ್ತು. ಆದರೂ ಕೂತಳು. ಇಪ್ಪತ್ತಮೂರರಿಂದ ಹಿಡಿದು, ಈ ಸಲ ಒಂದೊಂದನ್ನೂ ಎರಡೆರಡು ಬಾರಿ. ಬೇಸಿಗೆ ಅದರಲ್ಲೇ ಕಳೆಯಿತು.

ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು ಬಂದದ್ದು ಒಂದು ಬೆಳಗ್ಗೆ, ಮಿಷನ್ನು ಇನ್ನೂ ಬಿಸಿಯಾಗುವ ಮೊದಲು. ಐದು ಸಲ ಹೋಯಿತು, ಒಂದು ಸಲ ಹೋಯಿತು, ಮೂರು, ಎರಡು, ಮೂರು. ಹತ್ತೊಂಬತ್ತು ಸಾವಿರದ ನಾನೂರ ಎಂಬತ್ತನಾಲ್ಕು ಉಳಿಯಿತು. ಕೊನೆಯ ಒಂದನ್ನು ಕೆಳಗಿಳಿಸಿದಳು. ಒಂಬತ್ತರಿಂದ ಗುಣಿಸಿದಳು. ಮೇಲೊಂದು ಒಂದು ಲಕ್ಷದ ತೊಂಬತ್ತನಾಲ್ಕು ಸಾವಿರದ ಎಂಟುನೂರ ನಲವತ್ತೊಂದು, ಕೆಳಗೊಂದು ಅದೇ. ಅಂಕಿಗೆ ಅಂಕಿ ಕೂತಿತ್ತು. ಕಳೆಯಲು ಏನೂ ಉಳಿದಿರಲಿಲ್ಲ.

ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಈ ಸಂಖ್ಯೆಯನ್ನು ಅವಳು ಹಿಂದೊಮ್ಮೆ ಇದೇ ಮೇಜಿನ ಮೇಲೆ ಮಾಡಿದ್ದಳು, ಇದೇ ಕೈಯಲ್ಲಿ ತಪ್ಪಿದ್ದಳು. ಅತ್ತೆ ಆಗಿನ್ನೂ ಪೆನ್ಸಿಲ್ ಮುಟ್ಟಿರಲೇ ಇಲ್ಲ. ಪ್ರೆಸ್ಸಿನ ಯಜಮಾನರಿಗೆ ಅರ್ಧ ದಿನದ ರಜೆ ಹೇಳಿ ಅವಳು ಹೊರಗೆ ಬಂದಳು. ಬಸ್ಸಿಗೆ ಕಾಯಲಾರದೆ ನಡೆದೇ ಹೊರಟಳು.

ಅಂಗಡಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಅತ್ತೆ ತಕ್ಕಡಿ ಹಿಡಿದಿದ್ದರು. ಅವಳನ್ನು ನೋಡಿ ಆಲೂಗಡ್ಡೆಯ ಕಡೆ ತಿರುಗಿದರು.

“ಅತ್ತೆ, ಸಿಕ್ತು.”

ತಕ್ಕಡಿ ನಿಂತಿತು. ಮುಖ ಮಾತ್ರ ಆಲೂಗಡ್ಡೆಯ ಕಡೆಗೇ ಇತ್ತು. “ಎಷ್ಟು?”

“ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು.”

ಅತ್ತೆ ಅದನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡರು. “ನಾನು ಶುರು ಮಾಡಿದ್ದು ನಲವತ್ತು ಸಾವಿರದಿಂದ.”

“ಹೌದು. ತಪ್ಪು ನಂದು. ನಿಮ್ಮ ಮೇಲೆ ಅನುಮಾನ ಪಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು.”

ನಿಂತವರೆಲ್ಲ ಏನೋ ದೊಡ್ಡ ಕಳ್ಳತನವೇ ಬಯಲಾಯಿತೆಂಬಂತೆ ಕಿವಿ ನಿಮಿರಿಸಿದರು. ಅತ್ತೆ ತಕ್ಕಡಿಯನ್ನು ಸೊಸೆಯ ಕೈಗೆ ತುರುಕಿದರು.

“ಮೊದ್ಲು ಆಯಮ್ಮನಿಗೆ ಬೀನ್ಸ್ ತೂಗು. ಪಾಪ, ಆಗಿಂದ ನಿಂತಿದಾರೆ.”

ಶೇಷಮ್ಮ ಬೀನ್ಸ್ ತೂಗಿದಳು, ಟೊಮೆಟೊ ತೂಗಿದಳು. ಅತ್ತೆ ಹಿಂದಿನ ಸ್ಟೂಲಿನ ಮೇಲೆ ಕೂತು ಒಂದು ಕಾಗದದ ಚೀಲ ಬಿಡಿಸಿ, ಭಾಗಿಸಿದ ಸಂಖ್ಯೆಯನ್ನೂ ಮೇಲೆ ಬಂದ ಐದು ಲಕ್ಷ ಚಿಲ್ಲರೆಯನ್ನೂ ಸೊಸೆಯ ಪಟ್ಟಿಯಿಂದ ಇಳಿಸಿಕೊಂಡು ಗುಣಿಸತೊಡಗಿದರು. ಇನ್ನು ಮೇಲೆ ನಿನ್ನ ಲೆಕ್ಕವನ್ನು ಕಣ್ಣು ಮುಚ್ಚಿ ನಂಬುವುದಿಲ್ಲ ಎಂದು ಮೊದಲೇ ತಿಳಿಸಿದರು. ಸಾಲಿನ ಕೆಳಗೆ ಸಾಲು ಬಂತು, ಕೂಡಿದರು. ಬಲದಿಂದ ಒಂದು, ಮತ್ತೆ ಒಂದು, ಮತ್ತೆ ಒಂದು. ಹನ್ನೊಂದೂ ಬಂದು ನಿಂತಾಗ ಚೀಲವನ್ನು ದೂರ ಹಿಡಿದು ನೋಡಿದರು. ಆಮೇಲೆ ಐದು ಲಕ್ಷ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತರ ಬಾಲಕ್ಕೆ ಬೆರಳಿಟ್ಟು, ನಿನ್ನ ಏಳು ಒಂದುಗಳಲ್ಲಿ ಬಂದಿದ್ದೂ ಇನ್ನೂರ ಮೂವತ್ತೊಂಬತ್ತೇ ಅಲ್ಲವಾ ಎಂದು ಕೇಳಿದರು. ಇನ್ನೊಂದರ ಬಾಲ ಆರುನೂರ ನಲವತ್ತೊಂಬತ್ತು, ಏಳು ಒಂದುಗಳ ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತಕ್ಕೂ ಅದೇ ಬಾಲ. ಶೇಷಮ್ಮ ಟೊಮೆಟೊ ಕೈಯಲ್ಲಿ ಹಿಡಿದೇ ಬಗ್ಗಿ ನೋಡಿದಳು. ಅಷ್ಟು ಹೊತ್ತು ಕಣ್ಣೆದುರಿಗೇ ಇದ್ದದ್ದು ಅವಳಿಗೆ ಕಂಡಿರಲೇ ಇಲ್ಲ.

“ಈ ಐದು ಲಕ್ಷದ್ದು ಇನ್ನೂ ಒಡೆಯುತ್ತೋ?” ಎಂದರು ಅತ್ತೆ.

ನೋಡಬೇಕು ಎಂದಳು ಸೊಸೆ. ಅದಕ್ಕೆ ಏಳುನೂರು ಚಿಲ್ಲರೆಯವರೆಗೆ ನೋಡಿದರೆ ಸಾಕು. ಅದು ಅವಳು ಆಗಲೇ ದಾಟಿ ಬಂದ ದಾರಿಯೇ, ಆದರೆ ಈಗ ಒಬ್ಬಳ ಲೆಕ್ಕ ಸಾಲದು. ಗಿರಾಕಿಗಳು ಕರಗಿದ ಮೇಲೆ ಇಬ್ಬರೂ ಒಂದೊಂದು ಚೀಲ ಬಿಡಿಸಿಕೊಂಡು, ಒಬ್ಬರದನ್ನು ಒಬ್ಬರು ನೋಡದಂತೆ ಬೆನ್ನು ತಿರುಗಿಸಿ ಕೂತು, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಮಾಡಿದರು. ಶೇಷ ಮಾತ್ರ ಜೋರಾಗಿ ಹೇಳುವುದು. ಎರಡು ಬಾಯಿಯ ಶೇಷ ತಾಳೆಯಾದರೆ ಮುಂದಕ್ಕೆ. ಒಮ್ಮೆ ತಾಳೆಯಾಗಲಿಲ್ಲ, ತಪ್ಪಿದ್ದವರು ಅತ್ತೆ. ತಿದ್ದಿಕೊಂಡು ಮುಂದಿನದಕ್ಕೆ ಹೋದರು. ಆ ಸಂಖ್ಯೆ ಒಡೆಯಲಿಲ್ಲ. ಅಂಗಡಿ ಮುಚ್ಚಿ ಅತ್ತೆ ಬಸ್ ನಿಲ್ದಾಣದ ಕಡೆ ತಿರುಗದೆ ಮನೆಯ ಕಡೆ ನಡೆದರು. ಸೀರೆಗಳನ್ನು ಮಗ ಮರುದಿನ ಹೋಗಿ ತಂದ.

ಶೇಷಮ್ಮ ಮೇಷ್ಟ್ರಿಗೆ ವಿಷಯ ತಿಳಿಸಿದಳು, ಅವರು ಮನಸಾರೆ ನಕ್ಕರು. ಆಮೇಲೆ ಒಂದಷ್ಟು ಕಾಲ ಅವಳು ಯಾವ ದೊಡ್ಡ ಸಂಖ್ಯೆಯನ್ನೂ ಮುಟ್ಟಲಿಲ್ಲ. ಹದಿಮೂರು ಒಂದುಗಳನ್ನು ಎತ್ತಿಕೊಂಡವರು ಅತ್ತೆ. ಅದಕ್ಕೆ ಇಪ್ಪತ್ತಾರರ ಮಗ್ಗಿ ಎಂದು ಸೊಸೆಯಿಂದ ಕೇಳಿ ತಿಳಿದುಕೊಂಡು ಕೂತರು. ಐವತ್ತಮೂರಕ್ಕೇ ಒಡೆಯಿತು, ಉಳಿದದ್ದು ಎಪ್ಪತ್ತೊಂಬತ್ತಕ್ಕೆ ಇನ್ನೊಮ್ಮೆ ಒಡೆಯಿತು. ಇಷ್ಟೇನಾ ಎಂದು ಸೊಸೆಯನ್ನು ಹಂಗಿಸಿದರು. ಆದರೆ ಆಮೇಲೆ ಉಳಿದ ಇಪ್ಪತ್ತಾರು ಕೋಟಿ ಚಿಲ್ಲರೆ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಈಗ ಅತ್ತೆ, ಗಿರಾಕಿಗಳು ಶುಂಠಿ ಕೇಳಿದರೆ ಮೂಲಂಗಿ ಕಟ್ಟಿಕೊಡುತ್ತಾರೆ, ಊಟಕ್ಕೆ ಕರೆದರೆ ಇದೊಂದು ಮುಗಿಸಿ ಬಂದೆ ಅನ್ನುತ್ತಾರೆ. ಶೇಷಮ್ಮ ಅವರ ಪಕ್ಕದಲ್ಲಿ ನಿಂತು, ಕೇಳುವವರೆಗೂ ಬಾಯಿ ಹಾಕದೆ, ಅವರು ಬರೆಯುವ ಒಂದೊಂದೇ ಅಂಕಿಯನ್ನು ನೋಡುತ್ತಾಳೆ.